ಕಣಕ ನಾದಿದ ಕೈ

ಕೆಲಸ ಹೋದ ಮರುವಾರವೇ ನನ್ನ ಊಟದ ಡಬ್ಬಿಯೊಳಗೆ ಸಾಸಿವೆ, ಜೀರಿಗೆ, ಮೆಂತ್ಯ ಬಂದು ಕೂತವು. ಮೂರು ಅಂತಸ್ತಿನ ಸ್ಟೀಲ್ ಡಬ್ಬಿ, ಅಂತಸ್ತಿಗೊಂದು ಕಾಳು. ಅತ್ತೆ ಅದನ್ನು ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಗಟ್ಟಿಮುಟ್ಟಾದ ಪಾತ್ರೆ ಸುಮ್ಮನೆ ಖಾಲಿ ಯಾಕೆ ಕೂರಬೇಕು ಎಂಬುದು ಅವರ ವಿಚಾರ. ನನ್ನ ಬಗ್ಗೆಯೂ ಅವರದು ಅದೇ ವಿಚಾರವಾಗಿತ್ತು.

ನಾನು ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ, ಉಸುಕಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯುತ್ತಾರೆ. ಆ ಅಚ್ಚು ಮಾಡುವುದು ಕರಿ ಉಸುಕಿನಿಂದ. ಉಸುಕಿನಲ್ಲಿ ನೀರು ತುಸು ಹೆಚ್ಚಾದರೆ ಎರಕದ ಮೈತುಂಬ ತೂತು, ತುಸು ಕಡಿಮೆಯಾದರೆ ಅಚ್ಚೇ ಉದುರುತ್ತದೆ. ಆ ಹದ ಕಾಯುವವಳು ನಾನು. ಬೀಡಿ ಎಂಬ ಸಣ್ಣ ಹಳ್ಳಿಯಿಂದ ಬಂದು, ಡಿಪ್ಲೊಮಾ ಮುಗಿಸಿ, ಗಂಡಸರೇ ತುಂಬಿದ ಆ ಹೊಗೆ ಧೂಳಿನಲ್ಲಿ ‘ಮೇಡಂ, ಉಸುಕ ನೋಡಿ ಹೇಳ್ರಿ’ ಎನ್ನಿಸಿಕೊಂಡಿದ್ದೆ. ಆಮೇಲೆ ಆರ್ಡರು ಕಡಿಮೆಯಾದವು. ಲ್ಯಾಬಿನ ಕೆಲಸವನ್ನು ಹೊರಗಿನವರಿಗೆ ವಹಿಸಿ ನಮಗೆಲ್ಲ ಕೈಮುಗಿದರು. ಆಗಿನ್ನೂ ಯುಗಾದಿ ಬಂದಿರಲಿಲ್ಲ.

ಮಹಾಂತೇಶ ನಗರದ ನಮ್ಮ ಮನೆಯಲ್ಲಿ ನಾವು ನಾಲ್ವರು. ನಾನು, ನನ್ನ ಗಂಡ, ಒಂದನೇ ತರಗತಿಯ ಮಗಳು, ಅತ್ತೆ. ನಾನು ಕೆಲಸಕ್ಕೆ ಹೋಗುವಷ್ಟು ವರ್ಷವೂ ಅಡುಗೆಮನೆ ಅತ್ತೆಯದು. ಮುಂಜಾನೆ ಎದ್ದು ರೊಟ್ಟಿ ಬಡಿದು ನನ್ನ ಡಬ್ಬಿ ಕಟ್ಟುತ್ತಿದ್ದರು. ಶಿಫ್ಟು ಬದಲಾದಂತೆ ಡಬ್ಬಿಯ ಹೊತ್ತೂ ಬದಲಾಗುತ್ತಿತ್ತಲ್ಲ, ಅದಕ್ಕೆ ಹಿಂದಿನ ಸಂಜೆಯೇ ‘ಎಷ್ಟಕ್ಕ ಬೇಕು?’ ಎಂದು ಕೇಳಿ ಇಟ್ಟುಕೊಳ್ಳುತ್ತಿದ್ದರು. ಕೆಲಸ ಹೋದ ಮೇಲೆ ಆ ಪ್ರಶ್ನೆ ನಿಂತಿತು. ಮೊದಲು ಮುಸುರೆ ತಿಕ್ಕುವ ಕೆಲಸದಾಕೆಯನ್ನು ಬಿಡಿಸಿದರು. ಆಮೇಲೆ ಮಗಳ ಶಾಲೆಯ ಆಟೋ ಬಿಡಿಸಿದರು. ಎರಡಕ್ಕೂ ಕೊಟ್ಟ ಕಾರಣ ಒಂದೇ: ‘ಹೆಂಗೂ ನೀ ಮನ್ಯಾಗ ಅದೀಯಲ್ಲ.’ ಬಾಜೂ ಮನೆಯವರು ಗ್ಯಾಸಿನ ಸಿಲಿಂಡರ್ ಬಂದರೆ ಇಳಿಸಿಕೊಳ್ಳಲು ನನ್ನ ಕೈಗೇ ಕೀಲಿ ಕೊಟ್ಟು ಹೋಗತೊಡಗಿದರು. ಕೆಲಸವಿಲ್ಲದವರಷ್ಟು ಕೆಲಸ ಊರಿನಲ್ಲಿ ಇನ್ಯಾರಿಗೂ ಇರುವುದಿಲ್ಲ, ಅನುಭವದಿಂದ ಹೇಳುತ್ತೇನೆ.

ನಗುತ್ತ ಬರೆಯುತ್ತಿದ್ದೇನೆ, ಆದರೆ ಆಗ ಹೆದರಿಕೆ ಇತ್ತು. ನಾನು ಹೊರಗೆ ದುಡಿಯುವವಳು ಎಂಬುದನ್ನು ಮನೆ ಮರೆಯುತ್ತಿತ್ತು. ನೀರಿನಿಂದ ಕೈ ತೆಗೆದ ಕೂಡಲೇ ನೀರು ಕೂಡಿಕೊಳ್ಳುತ್ತದಲ್ಲ, ಹಾಗೆ ನನ್ನ ಜಾಗ ಕೂಡಿಕೊಳ್ಳುತ್ತಿತ್ತು. ಇನ್ನೊಂದು ವರ್ಷ ಹೀಗೇ ಹೋದರೆ ಕೆಲಸ ಸಿಕ್ಕರೂ ಹೊಸ್ತಿಲು ದಾಟುವುದು ಆಗಲಿಕ್ಕಿಲ್ಲ ಅನಿಸುತ್ತಿತ್ತು.

ಬಯೋಡೇಟಾ ಹಿಡಿದು ಉದ್ಯಮಬಾಗದ ಗೇಟುಗಳನ್ನೆಲ್ಲ ಸುತ್ತಿದೆ. ಒಂದು ಕಡೆ ಒಳಗೆ ಕರೆದರು. ಎದುರಿಗೆ ಕೂತವರು ನನ್ನ ಅನುಭವವನ್ನೆಲ್ಲ ಓದಿ, ಕೊನೆಗೆ ಈ ತಿಂಗಳುಗಳಲ್ಲಿ ಏನು ಮಾಡಿದಿರಿ ಎಂದು ಕೇಳಿದರು. ಕೆಲಸ ಹುಡುಕುತ್ತಿದ್ದೆ ಎಂದೆ. ‘ಅಂದ್ರ ಮನ್ಯಾಗ ಇದ್ರಿ,’ ಎಂದು ಅವರು ಬಹಳ ಮರ್ಯಾದೆಯಿಂದ ಕಾಗದ ಮುಚ್ಚಿ ತಿಳಿಸುತ್ತೇವೆ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಬಂದ ಸಿಟ್ಟಿಗೆ, ಕಾಲು ತುಳಿದ ಒಬ್ಬ ಪಾಪದ ಮನುಷ್ಯ ಬೈಸಿಕೊಂಡ.

ಮರುದಿನದಿಂದ ಆನ್‌ಲೈನ್ ಕೋರ್ಸು ಶುರುಮಾಡಿದೆ. ಕುಕ್ಕರಿನ ಸೀಟಿಗಳ ನಡುವೆ ಪಾಠ ಕೇಳಿ ಒಂದಾದ ಮೇಲೊಂದು ಸರ್ಟಿಫಿಕೇಟು ಕೂಡಿಹಾಕಿದೆ. ಫೌಂಡ್ರಿಗೂ ಅವಕ್ಕೂ ಸಂಬಂಧವೇ ಇರಲಿಲ್ಲ. ಕೆಲಸವಿಲ್ಲದ ಬಡಗಿ ಮಗುವಿನ ಅಂಡು ಕೆತ್ತಿದನಂತೆ, ಹಾಗಾಗಿತ್ತು ನನ್ನ ಸಮಯದ ಸದುಪಯೋಗ.

ಖಾನಾಪುರದ ದಾರಿ ತೋರಿಸಿದವಳು ಗೆಳತಿ. ಡಿಪ್ಲೊಮಾದಲ್ಲಿ ನನ್ನ ಬೆಂಚಿನಲ್ಲಿ ಕೂತವಳು, ಮನೆಮಾತು ಮರಾಠಿ. ಖಾನಾಪುರದಲ್ಲಿ ತನ್ನ ಮಾವನ ಹಂಚಿನ ಭಟ್ಟಿ ನೋಡಿಕೊಳ್ಳುತ್ತಿದ್ದಳು. ಈಗ ಮಾಡಿಗೆ ಹಂಚು ಹಾಕುವವರು ಕಡಿಮೆ. ಅದಕ್ಕೆ ಹೂವಿನ ಕುಂಡ, ನೀರಿನ ಹೂಜಿ, ಗೋಡೆಗೆ ಕೂರಿಸುವ ಚಂದದ ಹಂಚು ಮಾಡಿಸುತ್ತಿದ್ದಳು. ಅದೇ ಕೆರೆಯ ಮಣ್ಣು, ಅದೇ ಕೆಲಸಗಾರರು, ಆದರೆ ಒಂದು ಸಲದ ಮಾಲು ನೆಟ್ಟಗೆ ಒಣಗಿದರೆ ಇನ್ನೊಂದು ಸಲದ್ದು ಸೀಳು ಬಿಡುತ್ತಿತ್ತು. ಫೋನಿನಲ್ಲಿ ಅಳುತ್ತಿದ್ದಳು. ಮಣ್ಣಿನ ನೀರು ಅಳೆದು ನೋಡು ಎಂದು ನಾನು ಲ್ಯಾಬಿನ ಭಾಷೆಯಲ್ಲಿ ಉಪದೇಶ ಮಾಡಿದೆ.

‘ನೀನ ಬಾ ಇಲ್ಲಿ,’ ಅಂದಳು. ‘ಪಗಾರ ಕೊಡಾಕ ಆಗೂದಿಲ್ಲ. ಮಧ್ಯಾಹ್ನ ಊಟಾ ಹಾಕ್ತೀನಿ.’

ಮನೆಯಲ್ಲಿ ಹೇಳಿದಾಗ ಅತ್ತೆ ಹೆಸರುಕಾಳು ಆರಿಸುತ್ತಿದ್ದರು. ಆರಿಸುವುದನ್ನು ನಿಲ್ಲಿಸಲಿಲ್ಲ. ‘ಪಗಾರ ಇಲ್ಲದ ಕೆಲಸಾ ಮನ್ಯಾಗೂ ಐತಲ್ಲವಾ,’ ಎಂದರು. ‘ಅದಕ್ಕ ಖಾನಾಪುರತನಕಾ ಯಾಕ ಹೋಗಬೇಕು?’

ನನ್ನ ಗಂಡ ಪೇಪರಿನ ಒಂದೇ ಪುಟವನ್ನು ಬಹಳ ಹೊತ್ತು ಓದಿ, ವಾರಕ್ಕೆ ಎರಡು ದಿನ ಹೋಗಿ ಬರಲಿ ಎಂದು ಪೇಪರಿಗೇ ಹೇಳಿದರು. ಮಗಳು ಶಾಲೆ ಬಿಡುವಷ್ಟರಲ್ಲಿ ನಾನು ವಾಪಸಿರಬೇಕು ಎಂದು ಅತ್ತೆ ಷರತ್ತು ಹಾಕಿದರು. ಒಪ್ಪಿಕೊಂಡೆ.

ಖಾನಾಪುರದಲ್ಲಿ ನಾನು ಒಂದು ಹಳೆಯ ತವೆ, ಚಿಕ್ಕ ತಕ್ಕಡಿ ಇಟ್ಟುಕೊಂಡು ಮಣ್ಣನ್ನು ತೂಗಿ, ತವೆಯ ಮೇಲೆ ಒಣಗಿಸಿ, ಮತ್ತೆ ತೂಗಿ ನೀರೆಷ್ಟಿತ್ತೆಂದು ಕಂಡುಕೊಳ್ಳುತ್ತಿದ್ದೆ. ಕೆಲವು ವಾರಗಳಲ್ಲಿ ತಪ್ಪು ಎಲ್ಲಿದೆ ಎಂದು ತಿಳಿಯಿತು. ಅಚ್ಚಿಗೆ ಮಣ್ಣು ಅಂಟದಂತೆ ಅಲ್ಲಿ ಎಣ್ಣೆ ಸವರುತ್ತಾರೆ. ಅದೇ ಎಣ್ಣೆಗೈಯಿಂದ ಮಣ್ಣು ಹಿಚುಕಿ ಹದ ನೋಡುತ್ತಿದ್ದರು. ಎಣ್ಣೆಗೈಗೆ ಮಣ್ಣು ಅಂಟುವುದಿಲ್ಲ, ಅಂಟದ ಮಣ್ಣು ಒಣಗಿದಂತೆ ಅನಿಸುತ್ತದೆ, ಇನ್ನಷ್ಟು ನೀರು ಸುರಿಯುತ್ತಾರೆ. ಆ ಹೆಚ್ಚಿನ ನೀರು ಒಣಗುವಾಗ ಸೀಳು ಬಿಡುತ್ತದೆ. ಹದ ನೋಡುವ ಮೊದಲು ಭಟ್ಟಿಯ ಬೂದಿಯಲ್ಲಿ ಅಂಗೈ ತಿಕ್ಕಿಕೊಳ್ಳಬೇಕು ಎಂದು ನಿಯಮ ಮಾಡಿದೆ. ‘ಲಿಂಗಾಯತರಾಕಿ ಬಂದ್ಲು, ನಮ್ಮ ಕೈಗೆಲ್ಲಾ ವಿಭೂತಿ ಬಂತು,’ ಎಂದು ಗೆಳತಿ ಕೆಲಸಗಾರರ ಮುಂದೆ ಚೇಷ್ಟೆ ಮಾಡಿದಳು. ಸೀಳು ಕಡಿಮೆಯಾದ ಮೇಲೆ ತಾನೇ ಎಲ್ಲರಿಗಿಂತ ಮೊದಲು ಬೂದಿ ಹಚ್ಚಿಕೊಳ್ಳತೊಡಗಿದಳು. ಆ ದಿನಗಳಲ್ಲಿ ಖಾನಾಪುರದಿಂದ ಬರುವ ಬಸ್ಸಿನಲ್ಲಿ ನನಗೆ ಖುಷಿಯಾಗುತ್ತಿತ್ತು, ಉಗುರಿನ ಸಂದಿಯ ಮಣ್ಣನ್ನು ಬೇಕೆಂತಲೇ ತೆಗೆಯುತ್ತಿರಲಿಲ್ಲ.

ಶ್ರಾವಣ ಮುಗಿಯುತ್ತ ಬಂದಾಗ, ಒಂದು ಶನಿವಾರ ಸಂಜೆ ಬೇರೆ ಫೌಂಡ್ರಿಯೊಂದರಿಂದ ಫೋನು ಬಂತು. ಸೋಮವಾರ ಹತ್ತಕ್ಕೆ ಸಂದರ್ಶನಕ್ಕೆ ಬರಬೇಕು. ಸರಿ ಎಂದು ಫೋನಿಟ್ಟ ಮೇಲೆ ಕ್ಯಾಲೆಂಡರ್ ನೋಡಿದೆ. ಅದು ಶ್ರಾವಣದ ಕಡೆಯ ಸೋಮವಾರ.

ಆ ದಿನ ನಮ್ಮ ಮನೆಗೆ ಅಯ್ಯನವರನ್ನು, ಅಂದರೆ ಜಂಗಮ ಗುರುಗಳನ್ನು, ಊಟಕ್ಕೆ ಕರೆಯುವುದು ಅತ್ತೆ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನಡೆದ ಪದ್ಧತಿ. ಪಾದಪೂಜೆಯಾಗಿ, ಅವರು ಉಂಡ ಮೇಲೆಯೇ ಮನೆಯವರ ಊಟ. ಹೋಳಿಗೆ ಆಗಲೇಬೇಕು. ಹೋಳಿಗೆಯ ಕಣಕ ನಾದುವುದು ಸಣ್ಣ ಕೆಲಸವಲ್ಲ, ಅತ್ತೆಯ ಮಣಿಕಟ್ಟು ನೋವು ಶುರುವಾದಾಗಿನಿಂದ ಅದು ನನ್ನ ಪಾಲಿಗೆ ಬಂದಿತ್ತು. ಸಂದರ್ಶನದ ದಿನ ಬದಲಿಸಿರಿ ಎಂದು ಕೇಳಿದರೆ ಇನ್ನೊಮ್ಮೆ ಕರೆಯುವುದಿಲ್ಲ, ಅದೂ ಗೊತ್ತಿತ್ತು. ಭಾನುವಾರ ಇಡೀ ದಿನ ಮನೆಯಲ್ಲಿ ಯಾರೂ ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಸಂಜೆ ಅತ್ತೆಯೇ ತೀರ್ಮಾನ ಹೇಳಿದರು.

‘ಕಣಕಾ ನನ್ನ ಕೈಲೆ ಆಗೂದಿಲ್ಲ. ಹೂರಣಾ ನಾ ಅರೀತೀನಿ. ನೀ ಕಣಕಾ ನಾದಿಟ್ಟು ಹೋಗು, ಅಯ್ನಾರು ಬರೂದ್ರಾಗ ಬಾ.’

ಸೋಮವಾರ ಬೆಳಕು ಹರಿಯುವ ಮೊದಲೇ ಹಿಟ್ಟು ನಾದುವ ಪರಾತ ಮುಂದಿಟ್ಟುಕೊಂಡು ಕೂತೆ. ಹೋಳಿಗೆಯ ಕಣಕ ಚಪಾತಿ ಹಿಟ್ಟಿನಂತಲ್ಲ. ನೀರು ಹೆಚ್ಚು, ಎಣ್ಣೆ ಧಾರಾಳ. ಎಳೆದರೆ ಹರಿಯದೆ ಎಳೆಯಾಗಿ ಬರುವ ತನಕ ನಾದುತ್ತಲೇ ಇರಬೇಕು. ನನ್ನ ಕಣ್ಣು ಗಡಿಯಾರದ ಮೇಲೆ, ಅತ್ತೆಯ ಕಣ್ಣು ಪರಾತದ ಮೇಲೆ. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎನ್ನುತ್ತಿದ್ದರು. ಮಗಳಿಗೆ ಜಡೆ ಹಾಕಿ, ಶಾಲೆಗೆ ಬಿಟ್ಟು, ಎರಡು ಬಸ್ಸು ಬದಲಿಸಿ ಊರಿನ ಆ ತುದಿ ಮುಟ್ಟುವಷ್ಟರಲ್ಲಿ ಸೀರೆ ಬೆನ್ನಿಗೆ ಅಂಟಿತ್ತು.

ಹೊರಗೆ ಬಹಳ ಹೊತ್ತು ಕೂರಿಸಿದರು. ಮನೆಯಲ್ಲಿ ಈಗ ಹೂರಣ ಆಗಿರಬೇಕು, ಈಗ ಅಯ್ಯನವರು ಹೊರಟಿರಬೇಕು ಎಂದು ನನ್ನ ತಲೆ ಎರಡು ಕಡೆ ಓಡುತ್ತಿತ್ತು. ಕೊನೆಗೆ ಮ್ಯಾನೇಜರು ಬಂದರು. ನರೆತ ಕೂದಲು, ಕಬ್ಬಿಣದ ಮೂತಿಯ ಬೂಟು. ನನ್ನ ಬಯೋಡೇಟಾ ತಿರುವಿ, ಕೆಲಸ ಬಿಟ್ಟ ತಿಂಗಳಿನ ಮೇಲೆ ಬೆರಳಿಟ್ಟು ‘ಇಲ್ಲಿ ಖಾಲಿ ಐತಲ್ರಿ’ ಎಂದರು. ನಾನು ಬಾಯಿ ತೆರೆಯುವ ಮೊದಲೇ ಎದ್ದು, ಮಾತು ಆಮೇಲೆ, ಮೊದಲು ಉಸುಕು ನೋಡಿರಿ ಎಂದು ಕರೆದುಕೊಂಡು ಹೋದರು.

ಲ್ಯಾಬಿನ ಯಂತ್ರ ಉಸುಕಿನ ನೀರನ್ನು ಸರಿಯಾಗಿ ಹೇಳುತ್ತದೆ, ಆದರೆ ತಡವಾಗಿ. ಅಷ್ಟರಲ್ಲಿ ಕಲಸಿದ ಉಸುಕು ಅಚ್ಚಿಗೆ ಹೋಗಿಬಿಟ್ಟಿರುತ್ತದೆ. ಆದ್ದರಿಂದ ಹಳಬರು ಕೈಯನ್ನೇ ನಂಬುತ್ತಾರೆ. ಒಂದು ಮುಷ್ಟಿ ಹಿಚುಕಬೇಕು. ಉಂಡೆ ಬೆರಳಿನ ಗುರುತು ಹಿಡಿಯಬೇಕು, ಮುರಿದರೆ ಚೊಕ್ಕ ಎರಡು ಹೋಳಾಗಬೇಕು, ಅಂಗೈಗೆ ತಂಪು ತಾಕಿ ತೆಳ್ಳಗೆ ಕಪ್ಪು ಉಳಿಯಬೇಕು. ನಾನು ಹಿಚುಕಿದೆ. ಉಂಡೆ ಮುರಿಯಿತು. ಆದರೆ ಅಂಗೈಗೆ ಒಂದು ಕಣವೂ ಅಂಟಲಿಲ್ಲ, ತಂಪೂ ತಿಳಿಯಲಿಲ್ಲ. ಸುತ್ತ ನಿಂತ ಕೆಲಸಗಾರರು ನನ್ನನ್ನೇ ನೋಡುತ್ತಿದ್ದರು. ನೀರು ಸಾಲದು ಎಂದೆ.

ಅದೇ ಉಸುಕಿನ ಒಂದು ಹಿಡಿಯನ್ನು ಲ್ಯಾಬಿಗೆ ಕಳಿಸಿದರು. ಉತ್ತರ ಬಂತು. ನೀರು ಎಷ್ಟಿರಬೇಕೋ ಅಷ್ಟೇ ಇತ್ತು.

‘ಕೈ ಹೋಗೇತ್ರಿ ನಿಮ್ದು,’ ಎಂದರು ಮ್ಯಾನೇಜರು. ಅದರಲ್ಲಿ ಕುಹಕವಿರಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು.

ಅಂಗೈ ನೋಡಿಕೊಂಡೆ. ಶೆಡ್ಡಿನ ಬೆಳಕಿಗೆ ಮಿರಮಿರ ಹೊಳೆಯುತ್ತಿತ್ತು. ಮೂಗಿಗೆ ಹಿಡಿದೆ. ಅವಸರದಲ್ಲಿ ತೊಳೆದರೂ ಹೋಗದ ಶೇಂಗಾ ಎಣ್ಣೆ. ಖಾನಾಪುರದವರಿಗೆಲ್ಲ ಬೂದಿ ಹಚ್ಚಿಸಿದವಳು ಹೋಳಿಗೆಯ ಎಣ್ಣೆಗೈಯಲ್ಲಿ ಉಸುಕು ಹಿಡಿದಿದ್ದೆ. ಅವಮಾನಕ್ಕೆ ಕಿವಿ ಕಾದವು. ಸುಮ್ಮನೆ ಹೊರಟುಬಿಡಬಹುದಿತ್ತು, ಆದರೆ ನನ್ನ ಸಿಟ್ಟು ನನ್ನನ್ನು ಹಿಡಿದು ನಿಲ್ಲಿಸಿತು.

‘ಕೈ ಹೋಗಿಲ್ರಿ ಸರ್. ಮುಂಜಾನಿ ಹೋಳಿಗಿ ಕಣಕಾ ನಾದಿ ಬಂದೀನಿ. ಎಣ್ಣಿ ಐತಿ ಕೈಗೆ.’

ಹಿಂದೆ ಯಾರೋ ನಕ್ಕರು. ಮ್ಯಾನೇಜರು ನಗಲಿಲ್ಲ. ನಾನು ಖಾನಾಪುರದ ಭಟ್ಟಿ, ತವೆ, ಎಣ್ಣೆ, ಬೂದಿ, ಸೀಳು ಬಿಟ್ಟ ಕುಂಡ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಖಾಲಿ ತಿಂಗಳುಗಳಲ್ಲಿ ಏನು ಮಾಡಿದಿರಿ ಎಂಬ ಪ್ರಶ್ನೆಗೆ ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಕಲಿತ ಉತ್ತರ ಇದಾಗಿರಲಿಲ್ಲ. ಅವರು ಉಸುಕು ಕಲಸುವ ಯಂತ್ರವನ್ನೇ ನೋಡುತ್ತ ಕೇಳಿಸಿಕೊಂಡರು.

‘ಗುರುವಾರ ಮೊದಲನೇ ಶಿಫ್ಟಿಗೆ ಬರ್ರಿ,’ ಎಂದರು. ‘ಇನ್ನೊಬ್ರೂ ಬರಾವ್ರ ಅದಾರ. ಮತ್ತೊಂದ ಸಲಾ ಅಂತ ಇರೂದಿಲ್ಲ ನೋಡ್ರಿ.’

ಮನೆ ಮುಟ್ಟುವಷ್ಟರಲ್ಲಿ ಅಯ್ಯನವರು ಬಂದು ಗದ್ದುಗೆಯ ಮೇಲೆ ಕೂತಾಗಿತ್ತು. ಒಲೆಯ ಮೇಲೆ ಹೋಳಿಗೆಯ ಹಂಚು ಕಾದಿತ್ತು. ನಾನು ಕೈಕಾಲು ತೊಳೆದು ಒಂದಾದ ಮೇಲೊಂದು ಹೋಳಿಗೆ ತಟ್ಟಿ ಬೇಯಿಸಿದೆ. ಕಣಕ ಬಹಳ ಚೆನ್ನಾಗಿ ಬಂದಿದೆ ಎಂದು ಅಯ್ಯನವರು ಹೊಗಳಿದರು. ಒಳಗೆ ನಿಂತು ಹಲ್ಲು ಕಚ್ಚಿದೆ.

ಎಲ್ಲರ ಊಟವಾದ ಮೇಲೆ ಅತ್ತೆ ಏನಾಯಿತೆಂದು ಕೇಳಿದರು. ಅಷ್ಟು ಹೊತ್ತು ತಡೆದದ್ದು ಹೊರಬಿತ್ತು.

‘ನಿಮ್ಮ ಕಣಕಾ ನನ್ನ ನೌಕರಿ ನುಂಗ್ತ್ರಿ ಅತ್ತಿ,’ ಎಂದೆ.

ನಡೆದದ್ದನ್ನೆಲ್ಲ ಹೇಳಿದೆ. ಕೆಲಸದಾಕೆಯನ್ನು ಬಿಡಿಸಿದ್ದು, ಆಟೋ ಬಿಡಿಸಿದ್ದು, ಡಬ್ಬಿಯಲ್ಲಿ ಸಾಸಿವೆ ತುಂಬಿದ್ದು, ಒಂದನ್ನೂ ಬಿಡಲಿಲ್ಲ. ನನ್ನನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕೆಂದೇ ಇದನ್ನೆಲ್ಲ ಮಾಡಿದಿರಿ ಎಂದೂ ಅಂದೆ. ಗಂಡ ಬಾಗಿಲಲ್ಲಿ ನಿಂತವರು ಹಾಗೇ ಹಿಂದೆ ಸರಿದರು.

ಅತ್ತೆ ಬಳೆ ಮೇಲೆ ಸರಿಸಿ ಮಣಿಕಟ್ಟು ತೋರಿಸಿದರು. ಬಾತುಕೊಂಡಿತ್ತು. ‘ಬೇಕಂತನ ಮಾಡೀನಿ,’ ಎಂದರು. ‘ನೀ ಮನ್ಯಾಗ ಇದ್ರ ಈ ಕೈಗೆ ಆರಾಮ ಸಿಕ್ತು. ಅಷ್ಟ. ನಿನ್ನ ಕೈದು ನನಗ ತಿಳೀಲಿಲ್ಲ.’

ನನ್ನ ಸಿಟ್ಟು ಇಳಿಯಲಿಲ್ಲ. ಆದರೆ ಆ ಮಣಿಕಟ್ಟನ್ನು ನೋಡಿದ ಮೇಲೆ ಅದನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯಲಿಲ್ಲ. ನನ್ನ ಡಬ್ಬಿಗೆ ರೊಟ್ಟಿ ಬಡಿದದ್ದೂ ಅದೇ ಕೈ. ಇಬ್ಬರೂ ಪಾತ್ರೆ ತೊಳೆದೆವು.

ಮಂಗಳವಾರ ಮಾತಿಲ್ಲ. ಬುಧವಾರ ಸಂಜೆ ಅತ್ತೆ ಬಂದು ಪಕ್ಕದಲ್ಲಿ ಕೂತು, ಉಸುಕನ್ನು ಹೇಗೆ ನೋಡುತ್ತಾರೆಂದು ಕೇಳಿದರು. ಮುಷ್ಟಿ ಕಟ್ಟಿ ತೋರಿಸಿದೆ. ಉಂಡೆ ಚೊಕ್ಕ ಎರಡು ಹೋಳಾಗಬೇಕು, ಪುಡಿಯಾಗಬಾರದು, ಕೈಗೆ ಮುದ್ದೆಯಾಗಿ ಮೆತ್ತಬಾರದು ಎಂದೆ. ಅವರು ಖಾಲಿ ಮುಷ್ಟಿಯನ್ನು ಕಟ್ಟಿ ಬಿಟ್ಟು ಮಾಡಿ ನೋಡಿಕೊಂಡರು.

ಗುರುವಾರ ನಸುಕಿನಲ್ಲಿ ರೊಟ್ಟಿ ಹಿಟ್ಟಿಗೆ ಕೈ ಚಾಚಿದಾಗ ಅತ್ತೆ ಪರಾತವನ್ನು ತಮ್ಮ ಕಡೆ ಎಳೆದುಕೊಂಡರು.

‘ಇವತ್ತ ಹಿಟ್ಟಿಗೆ ಕೈ ಹಚ್ಚಬ್ಯಾಡ.’

ಹಿಟ್ಟಿಗಷ್ಟೇ ಅಲ್ಲ. ಒಗ್ಗರಣೆಗೆ ಬೇಡ, ಉಪ್ಪಿನಕಾಯಿಗೆ ಬೇಡ, ಮಗಳ ಜಡೆ ತಾವೇ ಹಾಕಿದರು, ನನ್ನ ತಲೆಗೂ ಎಣ್ಣೆ ಮುಟ್ಟಿಸಗೊಡಲಿಲ್ಲ. ಮಡಿ ಮೈಲಿಗೆ ನಮ್ಮಲ್ಲಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಮನೆತನ ನಮ್ಮದು. ಅವತ್ತು ನನ್ನ ಬಲಗೈ ಒಂದು ಮಾತ್ರ ಮಡಿಯಲ್ಲಿತ್ತು. ಹೊರಡುವಾಗ ದೇವರ ಮನೆಯಿಂದ ಒಂದು ವಿಭೂತಿ ಗಟ್ಟಿ ತಂದು ಪುಡಿಮಾಡಿದರು.

‘ನಿಮ್ಮ ಖಾನಾಪುರದ ಬೂದಿ ನನ್ನ ಹಂತ್ಯಾಕ ಇಲ್ಲವಾ. ಇದ ಐತಿ,’ ಎಂದು ನನ್ನ ಅಂಗೈಗೆ ತಿಕ್ಕತೊಡಗಿದರು. ತಿಕ್ಕುವಾಗ ಅವರ ಹೆಬ್ಬೆರಳು ನೋಯುತ್ತಿದ್ದದ್ದು ಮುಖದಲ್ಲಿ ಕಾಣುತ್ತಿತ್ತು. ನನಗೆ ಅಳು ಬಂತು. ಕಣ್ಣೊರೆಸಲು ಎಡಗೈ ಬಳಸಿದೆ.

ಫೌಂಡ್ರಿಯಲ್ಲಿ ಇನ್ನೊಬ್ಬ ಅಭ್ಯರ್ಥಿ ನನಗಿಂತ ಮೊದಲೇ ಬಂದಿದ್ದ. ಕೊಲ್ಹಾಪುರದ ಕಡೆ ಕೆಲಸ ಮಾಡಿದವನು, ಒಂದು ತಿಂಗಳೂ ಖಾಲಿ ಕೂತವನಲ್ಲ. ದಿನದ ಮೊದಲ ಉಸುಕು ಯಂತ್ರದಿಂದ ಇಳಿಯಿತು. ಅವನು ಹಿಚುಕಿ, ಮುರಿದು, ಸರಿ ಇದೆ ಎಂದ.

ಮ್ಯಾನೇಜರು ನನ್ನ ಕಡೆ ತಿರುಗಿದರು. ಮುಷ್ಟಿ ತುಂಬಿ ಹಿಚುಕಿದೆ. ಈ ಸಲ ಅಂಗೈಗೆ ಉಸುಕು ತಿಳಿಯಿತು, ವಿಭೂತಿಯ ಬಿಳುಪಿನ ಮೇಲೆ ಕಪ್ಪು ಗೆರೆಗಳು ಮೂಡಿದವು. ಉಂಡೆ ಮುರಿದೆ. ಎರಡು ಹೋಳಾಯಿತು. ಆದರೆ ಮುರಿದ ಅಂಚಿನಿಂದ ಒಂದಿಷ್ಟು ಕಣ ಉದುರಿದವು, ತಂಪೂ ಬಹಳ ಹೊತ್ತು ನಿಲ್ಲಲಿಲ್ಲ. ಇನ್ನೊಂದು ಮುಷ್ಟಿ ತೆಗೆದುಕೊಂಡೆ. ಅದೇ.

ಕೈ ಹೇಳುತ್ತಿದ್ದದ್ದು ಸೋಮವಾರ ಹೇಳಿ ತಪ್ಪಿದ ಮಾತನ್ನೇ. ಪಕ್ಕದವನು ಸರಿ ಎಂದಾಗಿತ್ತು. ನಾನೂ ಸರಿ ಎಂದರೆ ತಪ್ಪಾದರೂ ಇಬ್ಬರದ್ದೂ ತಪ್ಪು. ಬಿಳಿ ಅಂಗೈಯನ್ನು ಒಮ್ಮೆ ನೋಡಿಕೊಂಡೆ.

‘ನೀರ ಕಮ್ಮಿ ಐತ್ರಿ,’ ಎಂದೆ.

ಮ್ಯಾನೇಜರು ನನ್ನ ಮುಖ ನೋಡಿದರು. ಇವತ್ತೂ ಹೋಳಿಗೆಯೇ ಎಂದು ಕೇಳಿದರು. ಇಲ್ಲ ಎಂದು ತಲೆಯಾಡಿಸಿದೆ. ಲ್ಯಾಬಿಗೆ ಹೋದ ಹುಡುಗಿ ಹೊರಗೆ ಬರುವ ತನಕ ನಾನು ಆ ಮುರಿದ ಹೋಳುಗಳನ್ನು ಕೈಯಲ್ಲೇ ಹಿಡಿದು ನಿಂತಿದ್ದೆ. ಅವಳು ಬಂದು, ನೀರು ಕಡಿಮೆ ಇದೆ ಎಂದಳು. ಮ್ಯಾನೇಜರು ಯಂತ್ರದವನಿಗೆ ನೀರು ಬಿಡಲು ಸನ್ನೆ ಮಾಡಿ, ಸೋಮವಾರದಿಂದ ಮೊದಲನೇ ಶಿಫ್ಟಿಗೆ ಬರಬೇಕೆಂದು ನನಗೆ ಹೇಳಿ ಆಚೆ ನಡೆದರು.

ಮನೆಯ ಬಾಗಿಲು ತೆರೆದ ಅತ್ತೆಯ ಮೊದಲ ಮಾತು ‘ಮುರೀತ?’ ಎಂದು. ಎರಡು ಹೋಳಾಯಿತು, ಆದರೆ ಅಂಚು ಉದುರಿತು, ಅದನ್ನೇ ಹೇಳಿ ಬಂದೆ ಎಂದೆ. ಅವರಿಗೆ ಪೂರ್ತಿ ತಿಳಿಯಲಿಲ್ಲ. ಸೋಮವಾರದಿಂದ ಹೋಗಬೇಕು ಎಂದಾಗ ತಿಳಿಯಿತು. ಹೂಂ ಎಂದು ಒಳಗೆ ಹೋದರು. ಮುಸುರೆಯ ಕೆಲಸದಾಕೆಗೆ ಬಾ ಎಂದು ಹೇಳಿಕಳಿಸಿದ್ದು, ಆಟೋದವನಿಗೆ ಫೋನು ಮಾಡಿಸಿದ್ದು ನನಗೆ ಆಮೇಲೆ ಗಂಡನಿಂದ ತಿಳಿಯಿತು.

ಭಾನುವಾರ ಸಂಜೆ ಅಡುಗೆಮನೆಗೆ ಹೋದರೆ ಕಟ್ಟೆಯ ಮೇಲೆ ಸಾಸಿವೆ, ಜೀರಿಗೆ, ಮೆಂತ್ಯ ಮೂರು ಕಾಗದದ ಪೊಟ್ಟಣದಲ್ಲಿದ್ದವು. ಪಕ್ಕದಲ್ಲಿ ನನ್ನ ಡಬ್ಬಿಯ ಮೂರೂ ಅಂತಸ್ತನ್ನು ತೊಳೆದು ಬೋರಲು ಹಾಕಿದ್ದರು, ನೀರು ಇನ್ನೂ ಬಸಿಯುತ್ತಿತ್ತು. ಅತ್ತೆ ನನಗೆ ಬೆನ್ನು ಮಾಡಿ ನಿಂತು ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದರು. ತಿರುಗದೆಯೇ ಕೇಳಿದರು.

‘ಎಷ್ಟಕ್ಕ ಬೇಕು?’